8 ವರ್ಷದ ಮಗಳಿಗೆ 2 ವರ್ಷದ ಕುದುರೆ ಬೇಡ, ಮೊದಲು ಕಾಳಿನ ಪೀಪಾಯಿಗೆ ಚಿಲಕ ಹಾಕಿಸಿ

ನಿಮ್ಮ ಮಗಳಿಗೆ 8 ವರ್ಷ, ಹಳ್ಳಿಮನೆ, ಹಿತ್ತಲಲ್ಲಿ ಜಾಗ ಇದೆ. ಪರಿಚಯದವರು 2 ವರ್ಷದ ಮರಿಕುದುರೆ ಕೊಡ್ತೀವಿ ಅಂತಿದ್ದಾರೆ. ಎರಡೂ ಒಟ್ಟಿಗೆ ಬೆಳೆಯಲಿ ಅಂತ ನೀವು, ಪಳಗಿದ ದೊಡ್ಡ ಕುದುರೆ ತರೋಣ ಅಂತ ನಿಮ್ಮ ಯಜಮಾನರು. ಯಾರು ಹೇಳೋದು ಸರಿ ಅಂತ ಕೇಳಿದ್ದೀರಿ. ಯಜಮಾನರು ಹೇಳೋದು ಸರಿ. ಆದರೆ ಪ್ರಶ್ನೆಯೇ ಅದಲ್ಲ.

ಯಾಕೆ ಅಂದ್ರೆ ನಾವು ತಂದದ್ದು ದೊಡ್ಡ ಕುದುರೆಯನ್ನೇ. 12 ದಾಟಿದ ಹೆಣ್ಣು ಕುದುರೆ, ಕಂದು ಮೈ, ಹಣೆ ಮೇಲೆ ಒಂದು ಬಿಳಿ ಚುಕ್ಕೆ. ಸಾಧು ಅಂದ್ರೆ ಅಷ್ಟು ಸಾಧು. ಮಗಳು ಅದರ ಹೊಟ್ಟೆ ಕೆಳಗೆ ನುಸುಳಿ ಆಚೆ ಹೋದರೂ ಕಿವಿ ಅಲ್ಲಾಡಿಸುತ್ತಿರಲಿಲ್ಲ. (ಹಾಗೆ ನುಸುಳೋದಕ್ಕೆ ಬಿಡಬಾರದು, ಅದು ಬೇರೆ ಮಾತು.) ಸಂಜೆ ಶಾಲೆಯಿಂದ ಬಂದು ಬ್ಯಾಗು ಎಸೆದು ನೇರ ಲಾಯಕ್ಕೆ ಓಡುತ್ತಿದ್ದಳು. ನನ್ನವರು ಹಗ್ಗ ಹಿಡಿದು ಹೊಲದ ಅಂಚಿನಲ್ಲಿ ಒಂದು ಸುತ್ತು ನಡೆಸುತ್ತಿದ್ದರು. ಸವಾರಿ ಅಂದ್ರೆ ಅಷ್ಟೇ.

ತಿನ್ನಿಸೋದು ಮಾತ್ರ ಅಷ್ಟೇ ಅಲ್ಲ. ಮಾವ ಹೊಲಕ್ಕೆ ಹೋಗುವಾಗ ಒಂದು ಹಿಡಿ ಕಾಳು ಹಾಕುತ್ತಿದ್ದರು. ಅತ್ತೆ ಹಾಲು ಕರೆದು ಬರುವಾಗ ಒಂದು ಹಿಡಿ. ಮಗಳು ಸಂಜೆಗೆ ಬೊಗಸೆ ತುಂಬ. ನಾನು ರಾತ್ರಿ, "ಪಾಪ, ಮಗುವನ್ನು ಹೊತ್ತು ಸುಸ್ತಾಗಿರುತ್ತೆ" ಅಂತ. ಯಾರು ಎಷ್ಟು ಕೊಟ್ಟರು ಅಂತ ಯಾರಿಗೂ ಗೊತ್ತಿಲ್ಲ. ಕುದುರೆ ಕತ್ತಿನ ಮೇಲ್ಭಾಗ, ಜೂಲಿನ ಬುಡ, ಕೈಯಿಟ್ಟರೆ ಗಟ್ಟಿಯಾಗಿ ಸಿಗುತ್ತಿತ್ತು. ಅದು ಕೊಬ್ಬು, ಎಚ್ಚರಿಕೆ ಗಂಟೆ. ನಮಗೇನು ಗೊತ್ತು? ನೋಡಿದವರೆಲ್ಲ "ಚೆನ್ನಾಗಿ ಮೈ ತುಂಬಿಕೊಂಡಿದೆ" ಅಂತ ಹೊಗಳಿದರು. ನಾನೂ ಬೀಗಿದೆ.

ಕಾಳಿನ ಪೀಪಾಯಿ ಲಾಯದ ಪಕ್ಕದಲ್ಲೇ ಇತ್ತು. ಮುಚ್ಚಳ, ಅದರ ಮೇಲೊಂದು ಕಲ್ಲು. ಒಂದು ರಾತ್ರಿ ಮನೆ ತುಂಬ ನೆಂಟರು. ಲಾಯದ ಬಾಗಿಲು ನಾನು ಹಾಕಿದ್ದೇನೆ ಅಂತ ನನ್ನವರು ಅಂದುಕೊಂಡರು, ಅವರು ಹಾಕಿದ್ದಾರೆ ಅಂತ ನಾನು. ಬೆಳಿಗ್ಗೆ ಹೋಗಿ ನೋಡಿದರೆ ಕಲ್ಲು ನೆಲದ ಮೇಲೆ, ಕುದುರೆ ಮೂತಿ ಪೀಪಾಯಿಯೊಳಗೆ. ಅರ್ಧ ಖಾಲಿ.

ನಾನು ಮಾಡಿದ್ದು ಇಷ್ಟು: ಬೈದೆ. ಎಳೆದು ಕಟ್ಟಿದೆ. ಮುಚ್ಚಳ ಹಾಕಿದೆ. ಅವತ್ತಿನ ಕಾಳು ಬಂದ್ ಮಾಡಿದೆ.

ನನ್ನ ತಪ್ಪು ಎಲ್ಲಿ ಅಂತ ಸರಿಯಾಗಿ ನೋಡಿ. ಬಾಗಿಲು ಮರೆತದ್ದನ್ನು ನಾನು ದೊಡ್ಡದು ಮಾಡಲ್ಲ, ಮನೆ ಅಂದ ಮೇಲೆ ಒಂದಿನ ಮರೆಯುತ್ತೆ. ಬೆಳಿಗ್ಗೆ ಕುದುರೆಯ ಮುಖ ನೋಡಿ "ಆರಾಮಾಗಿದೆಯಲ್ಲ" ಅಂದುಕೊಂಡು ಡಾಕ್ಟರಿಗೆ ಫೋನ್ ಮಾಡದೆ ಬಿಟ್ಟೆ ನೋಡಿ, ಅದು ತಪ್ಪು. ಅದು ನಿಜವಾಗಲೂ ಆರಾಮಾಗಿತ್ತು. ಹುಲ್ಲು ತಿಂದಿತು, ಲದ್ದಿ ಹಾಕಿತು, ಸಂಜೆ ಮಗಳನ್ನು ಕೂರಿಸಿಕೊಂಡು ಒಂದು ಸುತ್ತೂ ಬಂತು. ನಾವು ದನ ಸಾಕಿದವರು. ಹಸುವಿಗೆ ಹೊಟ್ಟೆ ಉಬ್ಬರಿಸಿದರೆ ಎಡಗಡೆ ಊದಿ ಕಣ್ಣಿಗೆ ಕಾಣುತ್ತೆ. ಕುದುರೆಗೂ ಏನಾದರೂ ಆಗಿದ್ದರೆ ಕಾಣಬೇಕಿತ್ತು ಅನ್ನೋದು ನನ್ನ ಲೆಕ್ಕ.

ಕಾಣಲ್ಲ. ಕುದುರೆಯ ಜಠರ ಚಿಕ್ಕದು, 8ರಿಂದ 15 ಲೀಟರ್ ಹಿಡಿಸಿದರೆ ಹೆಚ್ಚು. ದಿನವಿಡೀ ಸ್ವಲ್ಪ ಸ್ವಲ್ಪ ಹುಲ್ಲು ಮೇಯಲು ಆದ ಹೊಟ್ಟೆ ಅದು. ಜಾಸ್ತಿಯಾಯ್ತು ಅಂತ ವಾಂತಿ ಮಾಡಿಕೊಳ್ಳೋಣ ಅಂದರೆ ಕುದುರೆಗೆ ವಾಂತಿಯೇ ಆಗಲ್ಲ. ಒಂದೇ ಸಲ ಅಷ್ಟು ಕಾಳು ಬಿದ್ದರೆ ಸಣ್ಣ ಕರುಳಲ್ಲಿ ಅರಗೋದಿಲ್ಲ, ಹಾಗೇ ದೊಡ್ಡ ಕರುಳಿಗೆ ಹೋಗಿ ಹುಳಿಯುತ್ತೆ. ಅಲ್ಲಿ ಹುಲ್ಲು ಅರಗಿಸುವ ಸೂಕ್ಷ್ಮಜೀವಿಗಳು ಆ ಹುಳಿಗೆ ಸಾಯುತ್ತವೆ, ವಿಷ ರಕ್ತಕ್ಕೆ ಸೇರುತ್ತೆ. ಕೆಲವಕ್ಕೆ ಹೊಟ್ಟೆನೋವು ಬಂದು ಒದ್ದಾಡುತ್ತವೆ. ನಮ್ಮದಕ್ಕೆ ಅದೂ ಬರಲಿಲ್ಲ. ಪೆಟ್ಟು ಬಿದ್ದದ್ದು ಹೊಟ್ಟೆಗಲ್ಲ, ಗೊರಸಿಗೆ. ನಮ್ಮ ಉಗುರು ಬೆರಳಿಗೆ ಅಂಟಿಕೊಂಡಿರುವ ಹಾಗೆ ಗೊರಸು ಒಳಗಿನ ಮೂಳೆಗೆ ಅಂಟಿಕೊಂಡಿರುತ್ತೆ. ಆ ಅಂಟು ಊದಿಕೊಂಡು ಬಿಡುತ್ತಾ ಬರುತ್ತೆ. ಮೇಲೆ ನಾಲ್ಕು ಕ್ವಿಂಟಲ್ ಭಾರ ನಿಂತಿರುತ್ತೆ, ಒಳಗಿನ ಮೂಳೆ ಓರೆಯಾಗುತ್ತೆ. ಇದು ಹೊರಗೆ ಕಾಣಿಸಿಕೊಳ್ಳಲು ಒಂದರಿಂದ ಮೂರು ದಿನ ಹಿಡಿಯುತ್ತೆ. ಅಂದ್ರೆ ಕುದುರೆ "ಆರಾಮಾಗಿರೋ" ಆ ದಿನವೇ ಔಷಧಿಯ ದಿನ.

ಮರುದಿನ ಬೆಳಿಗ್ಗೆ ಅದು ನಿಂತ ರೀತಿಯೇ ಬೇರೆ ಇತ್ತು. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ, ಭಾರವೆಲ್ಲ ಹಿಂದಕ್ಕೆ ಹಾಕಿತ್ತು. ನೀರಿನ ತೊಟ್ಟಿ ನಾಲ್ಕು ಹೆಜ್ಜೆ ದೂರ, ಹೋಗಲು ಒಲ್ಲದು. ಗೊರಸಿನ ಮೇಲೆ ಅಂಗೈ ಇಟ್ಟರೆ ಬಿಸಿ. ಗೊರಸಿನ ಸ್ವಲ್ಪ ಮೇಲೆ, ಹಿಂಭಾಗದಲ್ಲಿ ಬೆರಳಿಟ್ಟರೆ ನಾಡಿ ಢವಢವ ಅಂತಿತ್ತು. ಮಾಮೂಲಿ ದಿನ ಅಲ್ಲಿ ನಾಡಿ ಹುಡುಕಿದರೂ ಸರಿಯಾಗಿ ಸಿಗಲ್ಲ.

ಡಾಕ್ಟರು ಬಂದವರು ಮೊದಲು ಕೇಳಿದ್ದು, ಕಾಳು ತಿಂದದ್ದು ಯಾವಾಗ ಅಂತ. ಅವತ್ತೇ ಕರೆದಿದ್ದರೆ ಮೂಗಿನಿಂದ ಜಠರಕ್ಕೆ ನಳಿಕೆ ಇಳಿಸಿ ಆದಷ್ಟು ಹೊರಹಾಕುತ್ತಿದ್ದೆ, ಗೊರಸುಗಳನ್ನು ಎರಡು ಮೂರು ದಿನ ಬಿಡದೆ ಐಸಿನಲ್ಲಿ ಇಡಿಸುತ್ತಿದ್ದೆ ಅಂದರು. ನೋವು ಶುರುವಾಗೋ ಮೊದಲೇ ಐಸು ಹಾಕಿದರೆ ಗೊರಸು ಉಳಿಸಿಕೊಳ್ಳಲು ಒಳ್ಳೆಯ ಅವಕಾಶ ಇರುತ್ತಂತೆ. ಎಕ್ಸ್‌ರೇಯಲ್ಲಿ ಮೂಳೆ ಓರೆಯಾಗಿದ್ದು ಕಂಡಿತು. ಕುದುರೆ ಬದುಕಿತು. ಮೆತ್ತನೆ ಹಾಸು, ಗೊರಸಿಗೆ ಬೇರೆ ರೀತಿಯ ಕತ್ತರಿಕೆ, ಬಹಳ ದಿನಗಳ ಆರೈಕೆ. ಆದರೆ ಮತ್ತೆ ಯಾರನ್ನೂ ಬೆನ್ನ ಮೇಲೆ ಕೂರಿಸುವ ಹಾಗಿರಲಿಲ್ಲ. ಮಗಳ ಸವಾರಿ ಅಲ್ಲಿಗೆ ಮುಗಿಯಿತು, ಕುದುರೆಯ ಖರ್ಚು ಮುಗಿಯಲಿಲ್ಲ.

ಆಮೇಲೆ ಮನೆಯಲ್ಲಿ ಪಂಚಾಯ್ತಿ. "ನಾನು ಒಂದೇ ಹಿಡಿ ಹಾಕ್ತಿದ್ದದ್ದು" ಅಂದರು ಅತ್ತೆ. ಮಾವನೂ ಅದೇ ಅಂದರು. ಎಲ್ಲರೂ ನಿಜವೇ ಹೇಳುತ್ತಿದ್ದರು, ಆ ಹಿಡಿಗಳೆಲ್ಲ ಸೇರಿಯೇ ಕುದುರೆ ಕೊಬ್ಬಿದ್ದು. ಮೊದಲೇ ಕೊಬ್ಬಿದ ಕುದುರೆಗೆ ಈ ಕಾಯಿಲೆ ಬೇಗ ಹಿಡಿಯುತ್ತೆ.

ಈಗ ನಿಮ್ಮ ವಿಷಯಕ್ಕೆ ಬರ್ತೀನಿ. ಕುದುರೆ ವಯಸ್ಸು ಎಷ್ಟಿರಬೇಕು ಅನ್ನೋದಕ್ಕಿಂತ ಮೊದಲು, ನಿಮ್ಮಿಬ್ಬರಲ್ಲಿ ಯಾರು ಅದರ ಒಡೆಯರು ಅಂತ ತೀರ್ಮಾನ ಮಾಡಿ. "ಮಗಳದ್ದು" ಅನ್ನೋ ಉತ್ತರ ನಡೆಯಲ್ಲ. ಮಕ್ಕಳು ಜವಾಬ್ದಾರಿ ಕಲಿಯಲಿ ಅಂತ ಕುದುರೆ ತರೋ ಯೋಚನೆಯೇ ನನಗೆ ಹಿಡಿಸಲ್ಲ. 8 ವರ್ಷದ ಮಗು ಮೈ ಉಜ್ಜಬಹುದು, ಹುಲ್ಲು ಹೊರಬಹುದು. ಜ್ವರ ನೋಡೋದು, ಗೊರಸು ನೋಡೋದು, ಮಧ್ಯರಾತ್ರಿ ಡಾಕ್ಟರನ್ನು ಕರೆಯೋದು ದೊಡ್ಡವರ ಕೆಲಸ. ಕಾಳು ಹಾಕುವ ಕೈ ಒಂದೇ ಇರಲಿ. ಅಜ್ಜಿ ತಾತನಿಗೆ ಬೇಜಾರಾದರೂ ಪರವಾಗಿಲ್ಲ, ಅವರಿಗೆ ಮೈ ಉಜ್ಜೋ ಬ್ರಷ್ ಕೊಡಿ. 400 ಕೆಜಿ ಕುದುರೆಗೆ ದಿನಕ್ಕೆ 6ರಿಂದ 8 ಕೆಜಿ ಒಣಹುಲ್ಲು ಬೇಕು. ಸುಮ್ನೆ ಒಂದು ಸುತ್ತು ನಡೆಯೋ ಕುದುರೆಗೆ ಕಾಳು ಬೇಕಾಗೋದೇ ಅಪರೂಪ. ಕಾಳು ಇಡೋದಾದರೆ ಬೇರೆ ಕೋಣೆಯಲ್ಲಿ, ಚಿಲಕ ಹಾಕೋ ಪೀಪಾಯಿಯಲ್ಲಿ. ಕಲ್ಲು ಚಿಲಕ ಅಲ್ಲ, ಕುದುರೆ ಅದನ್ನು ಮೂತಿಯಿಂದ ತಳ್ಳುತ್ತೆ. ಗೊರಸು ಕತ್ತರಿಸುವವರನ್ನು 6ರಿಂದ 8 ವಾರಕ್ಕೊಮ್ಮೆ ಕರೆಸಬೇಕು. ಅಂಥವರು ನಿಮ್ಮ ಕಡೆ ಸಿಗದಿದ್ದರೆ ಕುದುರೆ ಮಾತು ಇಲ್ಲಿಗೇ ಬಿಡಿ.

ಇನ್ನು ಆ ಮರಿ. 2 ವರ್ಷಕ್ಕೆ ನೋಡೋಕೆ ದೊಡ್ಡದಾಗೇ ಕಾಣುತ್ತೆ, ಆದರೆ ಬೆನ್ನಿನ ಮೂಳೆ ಬಲಿಯಲು ಐದಾರು ವರ್ಷ ಬೇಕು. ಅದಕ್ಕೂ ಏನೂ ಗೊತ್ತಿಲ್ಲ, ಮಗಳಿಗೂ ಏನೂ ಗೊತ್ತಿಲ್ಲ. ಬೆದರಿದಾಗ ಯಾರು ಯಾರಿಗೆ ಧೈರ್ಯ ಹೇಳಬೇಕು? ಒಟ್ಟಿಗೆ ಬೆಳೆಯುತ್ತವೆ ಅಂದಿರಲ್ಲ, ಲೆಕ್ಕ ಹಾಕಿ. ಮಗಳಿಗೆ 18 ಆದಾಗ ಕುದುರೆಗೆ 12. ಅವಳು ಓದೋಕೆ ಅಂತ ಮನೆ ಬಿಡ್ತಾಳೆ. ಚೆನ್ನಾಗಿ ನೋಡಿಕೊಂಡರೆ ಕುದುರೆ 25ರಿಂದ 30 ವರ್ಷ ಬದುಕುತ್ತೆ, ಉಳಿದ ಕಾಲವೆಲ್ಲ ಅದು ನಿಮ್ಮ ಜೊತೆ. ಅದಕ್ಕೆ ನೀವು ತಯಾರಾ?

ಕೊಡುವವರು ಬೇಸರ ಮಾಡಿಕೊಳ್ತಾರೆ ಅಂತ ಮುಲಾಜಿಗೆ ಒಪ್ಪಿಕೊಳ್ಳಬೇಡಿ. ಒಂದು ವರ್ಷ ಮಗಳನ್ನು ರಜೆಯ ದಿನ ಅವರ ಲಾಯಕ್ಕೇ ಕರೆದುಕೊಂಡು ಹೋಗ್ತೀವಿ ಅಂತ ಕೇಳಿ ನೋಡಿ. ನೀವೂ ಹೋಗಿ, ಯಜಮಾನರೂ ಬರಲಿ. ಲದ್ದಿ ಎತ್ತಿ, ನೀರು ಹೊತ್ತು, ಅಲ್ಲಿರುವ ಹಳೇ ಕುದುರೆ ಮೇಲೆ ಅವಳು ಹತ್ತಲಿ. ತಲೆಗೆ ಹೆಲ್ಮೆಟ್ ಇರಲಿ, ರಿಕಾಪಿನಲ್ಲಿ (ಸವಾರರು ಕಾಲಿಡುವ ಬಳೆ) ಪಾದ ಪೂರ್ತಿ ತೂರಿಹೋಗದಂತೆ ಹಿಮ್ಮಡಿ ಇರೋ ಬೂಟು ಇರಲಿ. ಕುದುರೆಯ ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು ಅನ್ನೋದನ್ನು ಮೊದಲ ದಿನವೇ ಕಲಿಸಿ. ಯಜಮಾನರಿಗೂ.