ವಾಷಿಂಗ್ ಮಷಿನ್ ಡ್ರಮ್ಮಿನಲ್ಲಿ ಚಳಿ ಕಾಯಿಸಬಹುದಾ?

ಶಿರಸಿ ಚಳಿಗೆ ಹಳೇ ವಾಷಿಂಗ್ ಮಷಿನ್ ಡ್ರಮ್ಮಿನಲ್ಲಿ ಅಂಗಳದಲ್ಲಿ ಬೆಂಕಿ ಹಾಕಬಹುದಾ, ಕೆಳಗೆ ತಗಡಿನ ಬಕೆಟ್ ಮಗುಚಿ ಇಟ್ಟರೆ ಸಾಕಾ ಅಂತ ಕೇಳಿದ್ದೀರಿ. ಡ್ರಮ್ ಧಾರಾಳವಾಗಿ ಆಗುತ್ತದೆ. ಬಕೆಟ್ ಮಾತ್ರ ಬೇಡ. ಅದರ ಸತುವಿನ ಲೇಪ ಜಾಸ್ತಿ ಕಾದರೆ ಬರುವ ಹೊಗೆ ಒಳ್ಳೆಯದಲ್ಲ, ಜ್ವರ ಬರಿಸುತ್ತದೆ.

ಮುಂದೆ ಬಾಗಿಲಿರುವ ಮಷಿನ್ನಿನ ಸ್ಟೀಲ್ ಡ್ರಮ್ ಆದರೆ ವಾಸಿ. ಮೇಲಿಂದ ಬಟ್ಟೆ ಹಾಕುವುದರಲ್ಲಿ ತಳ, ಬಾಯಿಯ ಬಳೆ ಎರಡೂ ಪ್ಲಾಸ್ಟಿಕ್ ಇರುವುದೇ ಹೆಚ್ಚು. ಒಳಗಿನ ಮೂರು ಪ್ಲಾಸ್ಟಿಕ್ ಏಣುಗಳನ್ನು, ಹಿಂದಿನ ಮೂರು ಕಾಲಿನ ಅಲ್ಯೂಮಿನಿಯಂ ಎರಕವನ್ನು ಬಿಚ್ಚಿ. ಅಲ್ಯೂಮಿನಿಯಂ 660 ಡಿಗ್ರಿಗೇ ಕರಗುತ್ತದೆ, ಕೆಂಡದ ಕೆಳಗೆ ಅದಕ್ಕೆ ಜಾಗವಿಲ್ಲ. ನಾನು ಸೋಮಾರಿತನದಿಂದ ಒಂದು ಏಣು ಬಿಟ್ಟಿದ್ದೆ. ಆ ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು!

ಕಾಲಿಗೆ ಗುಜರಿಯ ಕಬ್ಬಿಣದ ಆಂಗಲ್ ಮೂರು ತುಂಡು, ಬೋಲ್ಟ್ ಹಾಕಿ. ನೆಲದಿಂದ ಒಂದು ಗೇಣು ಎತ್ತರವಿದ್ದರೆ ತೂತುಗಳಿಂದ ಗಾಳಿ ಚೆನ್ನಾಗಿ ಎಳೆಯುತ್ತದೆ. ಎರಡು ಹಿಡಿಕೆ ಇದ್ದರೆ ಆರಿದ ಮೇಲೆ ಎತ್ತಿ ಒಳಗಿಡಬಹುದು. ತೆಂಗಿನ ಗರಟೆ ಹಾಕಿ ನೋಡಿ, ಕೆಂಡ ತುಂಬಾ ಹೊತ್ತು ನಿಲ್ಲುತ್ತದೆ. ಕಿಡಿ ತೂತಿನಿಂದಲೂ ಹಾರುತ್ತದೆ, ಹಾಗಾಗಿ ಸೋಗೆ, ಒಣಗಿಸಿದ ಅಡಿಕೆಯಿಂದ ದೂರ ಇಡಿ, ಆಯ್ತಾ?