ಉಬುಂಟು, ರಾಕಿ, ಆಲ್ಪೈನ್ ಮೂರಕ್ಕೂ ಒಂದೇ ಸೆಟಪ್ ಸ್ಕ್ರಿಪ್ಟ್: ಕೆಲಸ ಹಂಚಿಕೊಳ್ಳೋದು ಹೇಗೆ?

ಮೂವರು ಗೆಳೆಯರು, ಒಬ್ಬರ ಸರ್ವರ್ ಉಬುಂಟು, ಒಬ್ಬರದು ರಾಕಿ, ಒಬ್ಬರದು ಆಲ್ಪೈನ್. ಒಬ್ಬೊಬ್ಬರು ಒಂದೊಂದು ಡಿಸ್ಟ್ರೋ (ಲಿನಕ್ಸಿನ ಬೇರೆ ಬೇರೆ ರೂಪ) ವಹಿಸಿಕೊಂಡು ಒಂದೇ ಸ್ಕ್ರಿಪ್ಟ್ ಬರೆದರೆ ಸಾಕಲ್ವಾ ಅಂತ ಕೇಳಿದ್ದೀರಿ.

ಸಾಲದು. ಹಾಗೆ ಹಂಚಿಕೊಂಡರೆ ಒಂದೇ ಫೈಲಿನಲ್ಲಿ ಮೂರು ಬೇರೆ ಬೇರೆ ಸ್ಕ್ರಿಪ್ಟ್ ಬೆಳೆಯುತ್ತವೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಮುಟ್ಟೋಕೆ ಹೆದರುತ್ತಾರೆ. ಕೆಲಸದ ಪ್ರಕಾರ ಹಂಚಿಕೊಳ್ಳಿ. ಒಬ್ಬರು ಯೂಸರ್ ಮತ್ತು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್ ಆಗುವ ದಾರಿ), ಒಬ್ಬರು ಫೈರ್‌ವಾಲ್, ಒಬ್ಬರು ವೆಬ್ ಸರ್ವರ್. ಪ್ರತಿಯೊಬ್ಬರೂ ತಮ್ಮ ಭಾಗವನ್ನು ಮೂರೂ ಡಿಸ್ಟ್ರೋಗಳಲ್ಲಿ ಓಡಿಸಿ ನೋಡಿಯೇ ಕಳಿಸಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆ ಅಂದರೆ, ವ್ಯತ್ಯಾಸ ಬರೀ ಎಪಿಟಿ, ಡಿಎನ್ಎಫ್, ಎಪಿಕೆ ಅನ್ನೋ ಪ್ಯಾಕೇಜ್ ಹಾಕುವ ಕಮಾಂಡುಗಳದ್ದಲ್ಲ. ಎಸ್‌ಎಸ್‌ಎಚ್ ಪೋರ್ಟನ್ನು 22ರಿಂದ 2222ಕ್ಕೆ ಬದಲಾಯಿಸೋದನ್ನೇ ನೋಡಿ. ಕಾನ್ಫಿಗ್ ಫೈಲಿನಲ್ಲಿ ಒಂದು ಸಾಲು, ಅಷ್ಟೇ ಅನಿಸುತ್ತದೆ. ರಾಕಿಯಲ್ಲಿ ಎಸ್ಇ-ಲಿನಕ್ಸ್ ಅನ್ನೋ ಭದ್ರತಾ ಕಾವಲು ಆ ಹೊಸ ಪೋರ್ಟನ್ನು ಬಿಡೋದೇ ಇಲ್ಲ. ಮೊದಲು ಸೆಮ್ಯಾನೇಜ್ ಕಮಾಂಡಿನಿಂದ ಪೋರ್ಟನ್ನು ಸೇರಿಸಬೇಕು, ಆಮೇಲೆ ಅಲ್ಲಿನ ಫೈರ್‌ವಾಲ್ ಆದ ಫೈರ್‌ವಾಲ್‌ಡಿಯಲ್ಲೂ ತೆರೆಯಬೇಕು. ಉಬುಂಟುವಿನಲ್ಲಿ 22.10 ಆವೃತ್ತಿಯಿಂದ ಪೋರ್ಟಿನಲ್ಲಿ ಕಾಯುವುದು ಎಸ್‌ಎಸ್‌ಎಚ್ ಸರ್ವಿಸ್ ಅಲ್ಲ, ಸಿಸ್ಟಮ್‌ಡಿಯ (ಸರ್ವಿಸ್‌ಗಳನ್ನು ನಡೆಸುವ ವ್ಯವಸ್ಥೆ) ಸಾಕೆಟ್. ಹಾಗಾಗಿ 24.04ರಲ್ಲಿ ಡೀಮನ್-ರಿಲೋಡ್ (ಸಿಸ್ಟಮ್‌ಡಿಗೆ ಸೆಟ್ಟಿಂಗ್ ಮತ್ತೆ ಓದಿಸುವ ಕಮಾಂಡ್) ಮಾಡಿ, ಸರ್ವಿಸ್ ಅಲ್ಲ, ಸಾಕೆಟ್ಟನ್ನೇ ರೀಸ್ಟಾರ್ಟ್ ಮಾಡಬೇಕು. ಆಲ್ಪೈನ್‌ನಲ್ಲಿ ಸಿಸ್ಟಮ್‌ಡಿಯೇ ಇಲ್ಲ, ಆ ಕೆಲಸಕ್ಕೆ ಓಪನ್‌ಆರ್‌ಸಿ ಇದೆ. ಇಷ್ಟೂ ಆ ಭಾಗ ಬರೆಯುವ ಒಬ್ಬರ ತಲೆಯಲ್ಲಿ ಇರಬೇಕು. ಇಲ್ಲದಿದ್ದರೆ ನಿಮ್ಮ ಸರ್ವರಿನಿಂದ ನೀವೇ ಹೊರಗೆ! ರೀಸ್ಟಾರ್ಟ್‌ಗೆ ಮುಂಚೆ ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಂ) ಕೊಡುವ ಟೆಸ್ಟ್ ಆಯ್ಕೆಯಿಂದ ಕಾನ್ಫಿಗ್ ಪರೀಕ್ಷಿಸಿ. ಹಳೆಯ ಲಾಗಿನ್ ತೆರೆದೇ ಇಟ್ಟು, ಇನ್ನೊಂದು ಟರ್ಮಿನಲ್ಲಿನಿಂದ ಹೊಸ ಪೋರ್ಟಿಗೆ ಹೋಗಿ ನೋಡಿ.

ಕೋಡ್ ಶುರು ಮಾಡುವ ಮುಂಚೆ ಮೂವರೂ ಕೂತು ಒಂದು ಚಿಕ್ಕ ಫೈಲ್ ಬರೆಯಿರಿ. ಪ್ಯಾಕೇಜ್ ಹಾಕುವ ಫಂಕ್ಷನ್, ಸರ್ವಿಸ್ ಶುರು ಮಾಡುವ ಫಂಕ್ಷನ್, ಹೆಸರು ಬದಲಿಸುವ ಫಂಕ್ಷನ್, ಇಷ್ಟು ಸಾಕು. ಅಪಾಚೆ ಉಬುಂಟುವಿನಲ್ಲಿ ಅಪಾಚೆ2, ರಾಕಿಯಲ್ಲಿ ಎಚ್‌ಟಿಟಿಪಿಡಿ. ಅಡ್ಮಿನ್ ಗುಂಪು ಉಬುಂಟುವಿನಲ್ಲಿ ಸುಡೊ, ರಾಕಿಯಲ್ಲಿ ವೀಲ್. ಉಬುಂಟುವಿನಲ್ಲಿ ಪ್ಯಾಕೇಜ್ ಹಾಕಿದ ಕೂಡಲೇ ಸರ್ವಿಸ್ ಓಡಲು ಶುರುವಾಗುತ್ತದೆ, ರಾಕಿಯಲ್ಲಿ ನೀವೇ ಶುರು ಮಾಡಬೇಕು. ಯಾವ ಡಿಸ್ಟ್ರೋ ಅಂತ ಕೇಳುವ ಇಫ್ ಷರತ್ತು ಆದಷ್ಟೂ ಈ ಫೈಲಿನೊಳಗೇ ಇರಲಿ. ಪೋರ್ಟಿನಂಥ ಕಡೆ ಅನಿವಾರ್ಯ, ಉಳಿದ ಕಡೆ ಕಂಡರೆ ರಿವ್ಯೂನಲ್ಲಿ ವಾಪಸ್ ಕಳಿಸಿ.

ಡಿಸ್ಟ್ರೋ ಪತ್ತೆಗೆ ಓಎಸ್-ರಿಲೀಸ್ ಫೈಲ್ ಓದಿ. ಅದರಲ್ಲಿನ ಐಡಿ (ಡಿಸ್ಟ್ರೋ ಹೆಸರು) ಹೊಂದದಿದ್ದರೆ ಐಡಿ-ಲೈಕ್ (ಅದು ಹೋಲುವ ಡಿಸ್ಟ್ರೋಗಳ ಹೆಸರು) ನೋಡಿ. ರಾಕಿಯ ಐಡಿ-ಲೈಕ್‌ನಲ್ಲಿ ಆರ್‌ಎಚ್‌ಇಎಲ್ (ರೆಡ್ ಹ್ಯಾಟ್ ಲಿನಕ್ಸ್) ಅಂತ ಇರುತ್ತದೆ, ರಾಕಿಯಂಥದೇ ಡಿಸ್ಟ್ರೋ ಆದ ಆಲ್ಮಾದಲ್ಲೂ ಅಷ್ಟೇ. ನಾಳೆ ಯಾರಾದರೂ ಆಲ್ಮಾ ತಂದರೂ ಪತ್ತೆಯ ಕೋಡ್ ಬದಲಾಯಿಸಬೇಕಾಗಿಲ್ಲ. ಗೊತ್ತಿಲ್ಲದ ಡಿಸ್ಟ್ರೋ ಸಿಕ್ಕರೆ ಊಹೆ ಮಾಡದೆ ಸ್ಕ್ರಿಪ್ಟ್ ಅಲ್ಲೇ ನಿಲ್ಲಲಿ.

ಇನ್ನೊಂದು, ಆಲ್ಪೈನ್‌ನಲ್ಲಿ ಬ್ಯಾಷ್ (ಸ್ಕ್ರಿಪ್ಟ್ ಓಡಿಸುವ ಶೆಲ್) ತಾನಾಗಿ ಬರುವುದಿಲ್ಲ. ಉಬುಂಟುವಿನ ಎಸ್‌ಎಚ್ ಕೂಡ 2006ರ 6.10 ಆವೃತ್ತಿಯಿಂದ ಬ್ಯಾಷ್ ಅಲ್ಲ, ಡ್ಯಾಷ್ ಅನ್ನೋ ಸರಳ ಶೆಲ್. ಅದಕ್ಕೇ ಅರೇಯಂಥ ಬ್ಯಾಷ್ ಸೌಲಭ್ಯ ಬಿಟ್ಟು, ಮೂರರಲ್ಲೂ ಓಡುವ ಸಾದಾ ಪೋಸಿಕ್ಸ್ ಶೆಲ್‌ನಲ್ಲೇ ಬರೆಯಿರಿ. ಪ್ರತಿ ಬದಲಾವಣೆಯ ಮೇಲೂ ಶೆಲ್‌ಚೆಕ್ (ಸ್ಕ್ರಿಪ್ಟಿನ ತಪ್ಪು ಹುಡುಕುವ ಟೂಲ್) ಓಡಲಿ.

ಡಾಕರ್ ಕಂಟೇನರಿನಲ್ಲಿ ಪ್ಯಾಕೇಜ್ ಭಾಗ ಚೆನ್ನಾಗಿ ಪರೀಕ್ಷೆ ಆಗುತ್ತದೆ. ಆದರೆ ಅದರೊಳಗೆ ಸಾಮಾನ್ಯವಾಗಿ ಸಿಸ್ಟಮ್‌ಡಿ ಓಡುವುದಿಲ್ಲ, ಕರ್ನಲ್ ಕೂಡ ನಿಮ್ಮ ಮೆಷೀನಿನದೇ. ಹಾಗಾಗಿ ಎಸ್ಇ-ಲಿನಕ್ಸ್, ಫೈರ್‌ವಾಲ್, ಸರ್ವಿಸ್ ಇವಕ್ಕೆಲ್ಲ ವರ್ಚುವಲ್ ಮೆಷೀನೇ ಬೇಕು. ಸ್ಕ್ರಿಪ್ಟನ್ನು ಒಂದೇ ಮೆಷೀನಿನಲ್ಲಿ ಎರಡು ಸಲ ಓಡಿಸಿ. ಎರಡನೇ ಸಲ ಕಾನ್ಫಿಗ್‌ನಲ್ಲಿ ಅದೇ ಸಾಲು ಮತ್ತೆ ಸೇರಿದ್ದರೆ ಅದು ಬಗ್, ಆ ಬದಲಾವಣೆಯನ್ನು ಮುಖ್ಯ ಸ್ಕ್ರಿಪ್ಟಿಗೆ ಮರ್ಜ್ ಮಾಡಬೇಡಿ.

ಸ್ಕ್ರಿಪ್ಟಿನ ಬದಲು ಆನ್ಸಿಬಲ್ (ಹಲವು ಸರ್ವರ್ ಸೆಟಪ್ ಮಾಡುವ ಟೂಲ್) ಬಳಸಬಹುದಾ ಅಂದರೆ, ಸರ್ವರ್ ಜಾಸ್ತಿ ಇದ್ದರೆ ಖಂಡಿತ ಬಳಸಿ. ಆದರೆ ಅದರ ಹೆಚ್ಚಿನ ಮಾಡ್ಯೂಲುಗಳಿಗೆ ಸರ್ವರಿನಲ್ಲಿ ಪೈಥಾನ್ ಬೇಕು, ಆಲ್ಪೈನ್‌ಗೆ ಅದನ್ನೂ ಮೊದಲು ಹಾಕಬೇಕು. ಅಪಾಚೆ2, ಎಚ್‌ಟಿಟಿಪಿಡಿ ಹೆಸರಿನ ಪಟ್ಟಿಯನ್ನು ಅಲ್ಲೂ ನೀವೇ ಬರೆಯಬೇಕು.