ಗುಟ್ಕಾ 23 ದಿನ ಬಿಟ್ಟು ಮತ್ತೆ ಶುರು ಮಾಡಿದೆ. ನನ್ನ ಮನಸ್ಸೇ ವೀಕಾ?

21 ದಿನ ತಡೆದರೆ ಯಾವ ಚಟವಾದರೂ ಹೋಗುತ್ತದೆ ಅಂತ ಕೇಳಿ, 23 ದಿನ ತಡೆದು, ಒಂದು ಮದುವೆಯಲ್ಲಿ ಮತ್ತೆ ಬಾಯಿಗೆ ಹಾಕಿಕೊಂಡೆ ಅಂದಿದ್ದೀರಿ. ಜೊತೆಗೆ ಮುಂಜಾನೆ ವಾಕಿಂಗ್ ರೂಢಿ ಮಾಡಿಕೊಳ್ಳುವುದು ಹೇಗೆ ಅಂತಲೂ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ. ಕಲಬುರಗಿಯ ಕಪನೂರಿನಲ್ಲಿ ಒಂದು ದಾಲ್ ಮಿಲ್ಲಿನ ಲೆಕ್ಕ ಬರೆಯುವವನು. ಹದಿಮೂರು ವರ್ಷ ಗುಟ್ಕಾ ತಿಂದೆ. ಮೂರು ಸಲ ಬಿಟ್ಟು ಸೋತೆ. ನಾಲ್ಕನೇ ಸಲ ಬಿಟ್ಟದ್ದು ಈಗ ಎರಡು ವರ್ಷ ದಾಟಿದೆ.

ಮೊದಲು ಆ 21ರ ಕಥೆ. 1960ರಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಎಂಬ ಅಮೆರಿಕದ ಪ್ಲಾಸ್ಟಿಕ್ ಸರ್ಜನ್, ಆಪರೇಷನ್ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕಡಿಮೆ ಅಂದರೂ 21 ದಿನ ಬೇಕು ಅಂತ ಬರೆದರು. ಬಾಯಿಂದ ಬಾಯಿಗೆ ಹೋಗುತ್ತಾ 'ಕಡಿಮೆ ಅಂದರೂ' ಉದುರಿಹೋಯಿತು, ಮುಖದ ಜಾಗಕ್ಕೆ ಚಟ ಬಂತು. ಮುಂದೆ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು 12 ವಾರ ಗಮನಿಸಿದರು. ಊಟದ ಜೊತೆ ಹಣ್ಣು ತಿನ್ನುವಂಥ ಸಣ್ಣ ಅಭ್ಯಾಸಗಳು. ಅವರ ಲೆಕ್ಕದಲ್ಲಿ ಒಬ್ಬರಿಗೆ 18 ದಿನ ಸಾಕಾದರೆ ಇನ್ನೊಬ್ಬರಿಗೆ 254 ದಿನ ಬೇಕು. ನಡುವಿನ ಅಂಕಿ 66. ಒಂದು ದಿನ ತಪ್ಪಿದರೆ ಹೆಚ್ಚೇನೂ ಫರಕ್ ಬೀಳುವುದಿಲ್ಲ ಅಂತಲೂ ಕಂಡಿತು. ಹಣ್ಣು ತಿನ್ನುವುದಕ್ಕೇ ಇಷ್ಟು ದಿನ. ಗುಟ್ಕಾದಲ್ಲಿ ನಿಕೋಟಿನ್ ಬೇರೆ ಇದೆ.

ನನಗೆ ಬುದ್ಧಿ ಬಂದದ್ದು ಊಟದ ತಟ್ಟೆಯ ಮುಂದೆ. ಶೇಂಗಾ ಹಿಂಡಿ ಬಾಯಿಗಿಟ್ಟರೆ ಬೆಂಕಿ. ಹುಟ್ಟಿದಾಗಿನಿಂದ ಖಾರಾ ತಿಂದವನಿಗೆ ಅವ್ವ ಮೊಸರಲ್ಲಿ ರೊಟ್ಟಿ ನೆನೆಸಿಕೊಡುವ ಹಾಗಾಯಿತು. ಬಾಯಿ ಎಷ್ಟು ತೆರೆಯುತ್ತದೆ ಅಂತ ನೋಡಲು ಹಲ್ಲಿನ ಡಾಕ್ಟರು ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ಅಂದರು. ಎರಡೂವರೆ ಹೋಯಿತು. ನೀವೂ ಇದನ್ನು ಇವತ್ತೇ ಮಾಡಿ ನೋಡಿ. ಮೂರು ಹೋಗದಿದ್ದರೆ ನನ್ನ ಉತ್ತರ ಓದುತ್ತಾ ಕೂರಬೇಡಿ, ಡಾಕ್ಟರಿಗೆ ತೋರಿಸಿ.

ಡಾಕ್ಟರು ಹೇಳಿದರು ಅಂತ ಮರುದಿನವೇ ಬಿಡಲಿಲ್ಲ. ಒಂದು ವಾರ ಸುಮ್ನೆ ಬರೆದೆ. ಎಷ್ಟು ಗಂಟೆಗೆ, ಎಲ್ಲಿ ನಿಂತು, ಯಾರ ಜೊತೆ. ಲೆಕ್ಕ ಬರೆಯುವುದು ನನಗೇನು ಹೊಸದಲ್ಲವಲ್ಲ. ಶನಿವಾರ ಕೂಡಿಸಿ ನೋಡಿದರೆ ದಿನಕ್ಕೆ ಹನ್ನೊಂದು. ಅದರಲ್ಲಿ ಏಳು ಮಿಲ್ಲಿನ ದಾರಿಯ ಹುಮನಾಬಾದ್ ಬೇಸ್ ಸರ್ಕಲ್ ಹತ್ತಿರದ ಒಂದೇ ಪಾನ್ ಡಬ್ಬಿಯಿಂದ, ಅದೂ ಚಾ ಕುಡಿದ ಮೇಲೆ. ಭಾನುವಾರ ಮನೆಯಲ್ಲಿದ್ದಾಗ ಬರೀ ಎರಡು. ಈಗ ನೀವೇ ಹೇಳಿ, ಭಾನುವಾರ ಗಟ್ಟಿ ಇದ್ದ ಮನಸ್ಸು ಸೋಮವಾರ ವೀಕ್ ಆಗುತ್ತದಾ? ಮನಸ್ಸು ಅದೇ. ದಾರಿ ಬೇರೆ, ಚಾ ಬೇರೆ, ಗೆಳೆಯರು ಬೇರೆ.

ಹಾಗಾಗಿ ಮನಸ್ಸಿನ ತಂಟೆಗೆ ಹೋಗದೆ ದಾರಿ ಬದಲಿಸಿದೆ. ಬೇಸ್ ಬಿಟ್ಟು ರಿಂಗ್ ರೋಡ್ ಹಿಡಿದೆ. ಪೆಟ್ರೋಲ್ ಜಾಸ್ತಿ ಹೋಗುತ್ತಿತ್ತು, ಗುಟ್ಕಾದ ರೊಕ್ಕದ ಮುಂದೆ ಅದು ಏನೂ ಅಲ್ಲ. ಚಾ ಮನೆಯಿಂದ ಥರ್ಮಾಸಿನಲ್ಲಿ. ಇನ್ನೊಂದು ಹೇಳಿದರೆ ನಗಬೇಡಿ. 2013ರಲ್ಲಿ ಗುಟ್ಕಾ ಬಂದ್ ಆದ ಮೇಲೆ ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಮಾರುತ್ತಾರಲ್ಲ, ಆ ಎರಡನ್ನೂ ಹರಿದು ಕೂಡಿಸುವ ಕೆಲಸ ಕೈಗೆ ರೂಢಿಯಾಗಿತ್ತು. ಬಾಯಿಗಿಂತ ಕೈ ಜಾಸ್ತಿ ಹುಡುಕುತ್ತಿತ್ತು. ಅವ್ವ ಹಳೇ ಕ್ಯಾಲೆಂಡರ್ ಹಾಳೆಯಲ್ಲಿ ಬಡೇಸೋಪಿನ ಸಣ್ಣ ಸಣ್ಣ ಪೊಟ್ಟಣ ಕಟ್ಟಿಕೊಟ್ಟಳು. ಹರಿಯುವುದು, ಬಾಯಿಗೆ ಸುರಿಯುವುದು. ಅಡಿಕೆಯನ್ನು ಮಾತ್ರ ಹತ್ತಿರ ಸೇರಿಸಲಿಲ್ಲ. ತಂಬಾಕು ಇಲ್ಲದ ಸಾದಾ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ.

ಮೊದಲ ಮೂರು ದಿನ ಕೆಟ್ಟವು. ತಲೆನೋವು, ನಿದ್ದೆ ಇಲ್ಲ. ಲಾರಿ ತುಂಬುವ ಹಮಾಲರ ಮೇಲೆ ಸುಮ್ನೆ ರೇಗಿದೆ, ಆಮೇಲೆ ಅವರಿಗೆ ಚಾ ಕುಡಿಸಿದೆ. ಆ ಹಪಹಪಿ ಒಮ್ಮೆ ಬಂದರೆ ಕೆಲವೇ ನಿಮಿಷ ಇದ್ದು ಹೋಗುತ್ತದೆ. ಅಷ್ಟು ಹೊತ್ತು ಎದ್ದು ಗೋದಾಮಿನ ಚೀಲ ಎಣಿಸುತ್ತಿದ್ದೆ. ಮಾಲಕರಿಗೆ ನಾನು ಬಹಳ ಹುಷಾರಾದೆ ಅನಿಸಿರಬೇಕು.

ನಿಮ್ಮ ಮದುವೆಯ ಹಾಗೆ ನನಗೆ ಶರಣಬಸವೇಶ್ವರ ಜಾತ್ರೆ. ಬಿಟ್ಟು ನಲವತ್ತು ದಿನ ಆಗಿತ್ತು. ಹಳೇ ಗೆಳೆಯ ಕೈಗೆ ಕೊಟ್ಟ, ಹಾಕಿಕೊಂಡೆ. ಹಿಂದಿನ ಸಲಗಳಲ್ಲಿ ಹೀಗೆ ಒಮ್ಮೆ ತಪ್ಪಿದ ಮೇಲೇ ಕೆಟ್ಟಿದ್ದೆ. 'ಲೆಕ್ಕ ತಪ್ಪಿತು, ಇನ್ನೇನು' ಅಂತ ಮರುದಿನ ಪ್ಯಾಕೆಟ್‌ಗಳ ಇಡೀ ಸರವನ್ನೇ ಕೊಳ್ಳುತ್ತಿದ್ದೆ. ಈ ಸಲ ವಹಿಯಲ್ಲಿ ಒಂದು ಅಂತ ಬರೆದು, ಮರುದಿನವನ್ನು ನಲವತ್ತೊಂದು ಅಂತ ಮುಂದುವರಿಸಿದೆ, ಮತ್ತೆ ಒಂದರಿಂದ ಎಣಿಸಲಿಲ್ಲ. ನೀವೂ 24ರಿಂದ ಶುರು ಮಾಡಿ. ಮುಂದಿನ ಮದುವೆಗೆ ಪೊಟ್ಟಣ ಜೇಬಲ್ಲಿಟ್ಟುಕೊಂಡು ಹೋಗಿ. ಯಾರಾದರೂ ಕೊಟ್ಟರೆ ಏನು ಹೇಳಬೇಕು ಅಂತ ಮನೆಯಲ್ಲೇ ಯೋಚಿಸಿಡಿ. 'ಬಾಯಿ ಹುಣ್ಣಾಗಿದೆ ಮಾರಾಯಾ' ಸಾಕು.

ವಾಕಿಂಗನ್ನು ಈಗಲೇ ಜೊತೆಗೆ ಹಚ್ಚಿಕೊಳ್ಳಬೇಡಿ. ನಾನು ಎರಡನೇ ಸಲ ಬಿಟ್ಟಾಗ ಗುಟ್ಕಾ ಬಂದ್, ಐದಕ್ಕೆ ಏಳುವುದು, ಅಪ್ಪನ ಕೆರೆ ಸುತ್ತುವುದು, ಮೊಬೈಲ್ ಕಡಿಮೆ, ಎಲ್ಲ ಒಂದೇ ದಿನ ಶುರು ಮಾಡಿದ್ದೆ. ಏಪ್ರಿಲ್ ಬಿಸಿಲಿಗೆ ವಾಕಿಂಗ್ ನಿಂತಿತು, ಅದರ ಹಿಂದೆ ಎಲ್ಲವೂ ನಿಂತವು. ಈಗ ರಾತ್ರಿ ಊಟ ಆಗಿ ಕೈ ತೊಳೆದ ಕೂಡಲೇ ಓಣಿಯಲ್ಲಿ ಹತ್ತು ನಿಮಿಷ ನಡೆಯುತ್ತೇನೆ. ಊಟ ತಪ್ಪುವುದಿಲ್ಲ, ಹಾಗಾಗಿ ಅದೂ ತಪ್ಪುವುದಿಲ್ಲ.

ಒಬ್ಬರಿಗೇ ಆಗುವುದಿಲ್ಲ ಅನಿಸಿದರೆ ತಂಬಾಕು ಪ್ಯಾಕೆಟ್ ಮೇಲೇ 1800-11-2356 ಅಂತ ಇರುತ್ತದೆ, ನೋಡಿ. ಅದು ಸರ್ಕಾರದ ಸಹಾಯವಾಣಿ, ರೊಕ್ಕ ಹತ್ತುವುದಿಲ್ಲ.

ಪಾನ್ ಡಬ್ಬಿಯ ಕಾಕಾನ ಉದ್ರಿ ವಹಿಯಲ್ಲಿ ನನ್ನ ಹೆಸರಿಗೆ 140 ರೂಪಾಯಿ ಉಳಿದಿತ್ತು. ಮಿಲ್ಲಿನ ಹುಡುಗನ ಕೈಲಿ ಕಳಿಸಿದೆ. ಚಿಲ್ಲರೆ ಇಲ್ಲ ಅಂತ ಕಾಕಾ ಹುಡುಗನ ಕೈಲಿ ಎರಡು ಪ್ಯಾಕೆಟ್ ವಾಪಸ್ ಕಳಿಸಿದ.